ಹೊಲಿದದ್ದು, ಬಿಚ್ಚಿದ್ದು

ಮೊನ್ನೆ ಮೊಮ್ಮಗಳ ಶಾಲೆಯ ಅಂಗಿಗೆ ಬಟ್ಟೆ ತರಲು ಮಗಳ ಸಂಗಡ ಹುಬ್ಬಳ್ಳಿಯ ಪೇಟೆಗೆ ಹೋಗಿದ್ದೆ. ಮಗಳ ಮನೆ ನವನಗರದಲ್ಲಿದೆ. ಅಲ್ಲಿಂದ ಬಸ್ಸು ಹತ್ತಿದರೆ ಪೇಟೆ ದೂರವೇನಲ್ಲ. ಅಂಗಡಿಯವನು ಬಿಳಿ ಬಟ್ಟೆಯ ಥಾನೊಂದನ್ನು ಧಪ್ಪನೆ ಹಲಗೆಯ ಮೇಲೆ ಹಾಕಿ ಬಿಚ್ಚಿದ. ಹೊಸ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ನನ್ನ ಕೈ ತಾನಾಗಿಯೇ ಬಟ್ಟೆಯ ಅಂಚನ್ನು ಎತ್ತಿ ಬಾಗಿಲಿನ ಬೆಳಕಿಗೆ ಹಿಡಿಯಿತು. ಅಂಚಿನುದ್ದಕ್ಕೂ ಕಣ್ಣಾಡಿಸಿದೆ.

"ಏನ್ ನೋಡಾಕತ್ತೀರಿ ಅಮ್ಮಾರ?" ಎಂದ ಅಂಗಡಿಯವನು.

"ಸೂಜಿ ತೂತು ಅದಾವೇನು ಅಂತ."

"ಹೊಸಾ ಥಾನ್ರೀ ಇದು! ಈಗ ನಿಮ್ಮ ಮುಂದನ ಬಿಚ್ಚೇನಲ್ಲ!" ಅವನಿಗೆ ಸಿಟ್ಟು ಬಂದಿತ್ತು. ಮಗಳು ನಾಚಿಕೊಂಡು ನನ್ನ ಕೈಯಿಂದ ಬಟ್ಟೆ ಬಿಡಿಸಿದಳು. ಮನೆಗೆ ಬರುವಾಗ ಬಸ್ಸಿನಲ್ಲಿ, "ಯಾಕವ್ವಾ ಯಾವಾಗಲೂ ಮಂದಿಮ್ಯಾಲ ಹಂಗ ಸಂಶಯ ಮಾಡ್ತಿ?" ಎಂದು ಕೇಳಿದಳು. ಅವಳಿಗೆ ಆ ಬೇಸಿಗೆಯ ಕಥೆಯನ್ನು ನಾನು ಎಂದೂ ಹೇಳಿರಲಿಲ್ಲ.

ಅದು ಎರಡನೇ ಮಹಾಯುದ್ಧದ ಕಾಲ. ಜೋಳಕ್ಕೆ, ಚಿಮಣಿ ಎಣ್ಣೆಗೆ ರೇಷನ್ ಬಂದು, ಕೊನೆಗೆ ಉಡುವ ಬಟ್ಟೆಗೂ ರೇಷನ್ ಬಂದ ವರ್ಷ. ನಾನು ಧಾರವಾಡದಲ್ಲಿ ಮುಲ್ಕಿ ಪರೀಕ್ಷೆ ಮುಗಿಸಿ, ಶಾಲೆಯಲ್ಲಿ ಮಾಸ್ತರಿಣಿಯ ಕೆಲಸ ಸಿಗುವುದೆಂದು ಕಾಯುತ್ತಿದ್ದೆ. ಸಿಗಲಿಲ್ಲ. ಹುಬ್ಬಳ್ಳಿಯಲ್ಲಿ ನಮ್ಮ ಸೋದರಮಾವ ಅರಳೆಯ ದಲಾಲಿ ಅಂಗಡಿಯಲ್ಲಿ ಕಾರಕೂನರಾಗಿದ್ದರು. ಅವರೇ ಒಂದು ದಿನ ಹೇಳಿ ಕಳಿಸಿದರು: ಯುದ್ಧಕ್ಕೆ ಹೋದವರ ಮನೆಯ ಹೆಂಗಸರಿಗೆ, ಗಂಡ ಸತ್ತವರಿಗೆ, ಕೆಲಸ ಕಳಕೊಂಡ ಮನೆಗಳವರಿಗೆ ಕೂಲಿ ಕೊಡಲೆಂದು ಊರ ಹಿರಿಯರ ಸಮಿತಿಯೊಂದು ಸರಕಾರದ ನೆರವಿನಿಂದ ಹೊಲಿಗೆ ಕೇಂದ್ರ ತೆರೆದಿದೆ, ಓದುಬರಹ ಬಲ್ಲ ಹೆಣ್ಣುಮಗಳೊಬ್ಬಳು ಮೇಲ್ವಿಚಾರಣೆಗೆ ಬೇಕಂತೆ.

ಸಂಕ್ರಾಂತಿ ಕಳೆದ ಮೇಲೆ ನಾನು ಹೋದೆ. ಗೋಕುಲ ಹಳ್ಳಿಯ ಕಡೆ ಹೋಗುವ ರಸ್ತೆಯಲ್ಲಿ, ಮುಚ್ಚಿಹೋಗಿದ್ದ ಒಂದು ಜಿನ್ನಿಂಗ್ ಕಾರಖಾನೆಯ ಗೋದಾಮು. ಮೇಲೆ ತಗಡು, ಕೆಳಗೆ ಫರಸಿ ಕಲ್ಲು. ಗೋಡೆಯ ಸಂದಿಗಳಲ್ಲಿ ಇನ್ನೂ ಹಳೆಯ ಅರಳೆಯ ಎಳೆಗಳು ಸಿಕ್ಕಿಕೊಂಡಿದ್ದವು. ಗಾಳಿ ಬಿಟ್ಟರೆ ಅವು ಹಾರಿ ಬಂದು ಹೆಂಗಸರ ತಲೆಯ ಮೇಲೆ ಕೂಡುತ್ತಿದ್ದವು. ಮೂವತ್ತು ಮಂದಿ ಸಾಲಾಗಿ ಚಾಪೆಯ ಮೇಲೆ ಕುಳಿತು ಕೈಯಿಂದ ಹೊಲಿಯುತ್ತಿದ್ದರು. ಹೊಲಿಯುವುದು ಒಂದೇ ವಸ್ತು: ಕತ್ತರಿಸಿ ತಂದ ಬಿಳಿ ದಪ್ಪ ಬಟ್ಟೆಯನ್ನು ಮಡಚಿ, ಎರಡೂ ಮಗ್ಗುಲು ಗಟ್ಟಿಯಾಗಿ ಹೊಲಿದು, ಬಾಯಿಗೆ ಲಾಡಿ ಸೇರಿಸಿದರೆ ಒಂದು ಚೀಲ. ಗಾಯಗೊಂಡ ಸಿಪಾಯಿಗಳು ದವಾಖಾನೆಯಲ್ಲಿ ತಮ್ಮ ಸಣ್ಣಪುಟ್ಟ ಸಾಮಾನು ಇಟ್ಟುಕೊಳ್ಳಲಿಕ್ಕೆ ಎಂದು ಮ್ಯಾನೇಜರ್ ಹಣಮಂತರಾಯರು ನನಗೆ ಹೇಳಿದರು. ನಾನು ಹೆಂಗಸರಿಗೆ ಹೇಳಿದೆ.

ಹಣಮಂತರಾಯರು ನಡುವಯಸ್ಸಿನ ತೆಳ್ಳಗಿನ ಮನುಷ್ಯ. ಕರಿ ಟೊಪ್ಪಿಗೆ, ತೊಳೆದು ತೊಳೆದು ಬಣ್ಣಗೆಟ್ಟ ಕೋಟು. ಮಾತು ಕಡಿಮೆ. ಮಾತಾಡುವಾಗ ಎದುರಿಗಿದ್ದವರ ಮುಖ ನೋಡದೆ ಅವರ ಹೆಗಲ ಆಚೆ ಎಲ್ಲೋ ನೋಡುತ್ತಿದ್ದರು. ಅದೊಂದು ಕಾರಣಕ್ಕೇ ಹೆಂಗಸರು ಅವರನ್ನು ನಂಬಿರಲಿಲ್ಲ.

ನನ್ನನ್ನೂ ಏನು ನಂಬಿರಲಿಲ್ಲ. ಮೊದಲ ದಿನವೇ ನೀಲವ್ವ ಎಂಬಾಕೆ ಸೂಜಿ ಕೆಳಗಿಟ್ಟು ಕೇಳಿದಳು:

"ಅಕ್ಕಾರ, ಈ ಚೀಲ ಎಲ್ಲಿಗೆ ಹೋಗ್ತಾವ್ರಿ?"

"ಪಲ್ಟನ್ನಿನ ದವಾಖಾನಿಗೆ."

"ನೀವು ನೋಡೀರೇನ್ರಿ ದವಾಖಾನಿ?"

"ಇಲ್ಲ."

"ಹಂಗಾರ ನಿಮಗೂ ಗೊತ್ತಿಲ್ಲ," ಎಂದು ಮತ್ತೆ ಹೊಲಿಯತೊಡಗಿದಳು.

ಸುತ್ತಲಿನವರು ಸೆರಗಿನಲ್ಲಿ ನಕ್ಕರು. ನೀಲವ್ವನಿಗೆ ಐವತ್ತರ ಆಸುಪಾಸು. ಗಂಡ ತೀರಿ ಬಹಳ ವರ್ಷವಾಗಿತ್ತು. ಒಬ್ಬನೇ ಮಗ ಮಲ್ಲೇಶಿ ಪಲ್ಟನ್ನು ಸೇರಿ ಬರ್ಮಾದ ಕಡೆ ಹೋಗಿದ್ದ. ಯಾರು ಏನು ಹೇಳಿದರೂ ಅವಳು ಮೊದಲು ತಲೆ ಒಂದು ಕಡೆ ವಾಲಿಸಿ, ಹೇಳಿದವರ ಬಾಯನ್ನೇ ನೋಡುತ್ತಿದ್ದಳು. ಸುಳ್ಳು ಹಲ್ಲಿನ ಸಂದಿಯಲ್ಲಿ ಕಾಣುತ್ತದೇನೋ ಎಂಬಂತೆ. ಆದರೆ ಚೀಲ ಹೊಲಿಯುವಾಗ ಅವಳ ರೀತಿ ಬೇರೆ. ಪ್ರತಿ ಚೀಲ ಮುಗಿಸಿದ ಮೇಲೆ ಸೊಂಟದ ಸಂಚಿಯಿಂದ ಗುಡ್ಡದ ಗುಡಿಯಿಂದ ತಂದ ಭಂಡಾರವನ್ನು, ಅಂದರೆ ದೇವರ ಅರಿಷಿಣ ಪುಡಿಯನ್ನು, ಚಿಟಿಕೆ ತೆಗೆದು ಚೀಲದ ಒಳಮೂಲೆಗೆ ಹಚ್ಚುತ್ತಿದ್ದಳು. ನಾನು ನೋಡಿದೆನೆಂದು ಗೊತ್ತಾದಾಗ, "ಯಾರ ಮಗನ ಕೈಗೆ ಹೋಗ್ತದೋ ಏನೋ. ಅವಂಗೂ ಒಬ್ಬಾಕಿ ಅವ್ವ ಇರ್ತಾಳಲ್ಲ," ಎಂದಳು. ಅದನ್ನು ನಾನು ಬೇಡವೆನ್ನಲಿಲ್ಲ.

ಅವಳ ಮಗ್ಗುಲಲ್ಲೇ ಕೂಡುತ್ತಿದ್ದಾಕೆ ಫಾತಿಮಾಬಿ. ಆಕೆಯ ಗಂಡ ದರ್ಜಿಯಾಗಿದ್ದವ, ತೀರಿಹೋಗಿದ್ದ. ಮನೆಯಲ್ಲಿ ಸಣ್ಣ ಮಕ್ಕಳು ಬಹಳ. ಆಕೆ ಪ್ರಶ್ನೆ ಕೇಳುವವಳಲ್ಲ. ಬಂದು, ಹೊಲಿದು, ಕೂಲಿ ತೆಗೆದುಕೊಂಡು ದಾರಿಯಲ್ಲೇ ಜೋಳ ಕೊಂಡು ಮನೆಗೆ ಓಡುವವಳು.

ಹೋಳಿ ಹುಣ್ಣಿಮೆಯವರೆಗೆ ಎಲ್ಲ ಸರಿಯಾಗಿಯೇ ನಡೆಯಿತು. ಚೀಲಗಳನ್ನು ಕಟ್ಟು ಕಟ್ಟಿ ಚಕ್ಕಡಿಗೆ ಹೇರುತ್ತಿದ್ದರು, ಚಕ್ಕಡಿ ಸ್ಟೇಶನ್ನಿನ ಕಡೆ ಹೋಗುತ್ತಿತ್ತು. ಆಮೇಲೆ ಒಂದೆರಡು ವಾರ ಬಟ್ಟೆ ಬರಲಿಲ್ಲ. ಹಣಮಂತರಾಯರು ದಿನಾ ಎಲ್ಲೆಲ್ಲೋ ಓಡಾಡಿದರು. ಯುಗಾದಿಯ ಮರುವಾರ ಬಟ್ಟೆ ಬಂತು. ಕೆಲಸ ಮತ್ತೆ ಸುರುವಾಯಿತು.

ಬಿಸಿಲು ಏರಿತ್ತು. ತಗಡಿನ ಕೆಳಗೆ ಕೂತವರ ಬೆವರು ಬಟ್ಟೆಗೆ ತಾಗದಂತೆ ಮೊಣಕಾಲ ಮೇಲೆ ಚಿಂದಿ ಹಾಸಿಕೊಳ್ಳುತ್ತಿದ್ದರು. ಅಂಥ ಒಂದು ಮಧ್ಯಾಹ್ನ ಫಾತಿಮಾಬಿಯೇ, ಏನನ್ನೂ ಕೇಳದ ಫಾತಿಮಾಬಿಯೇ, "ಅಕ್ಕಾರ, ಈ ಅರಿವಿ ನೋಡ್ರಿ. ಮೊದಲಿಂದರಂಗ ಬಿಗಿ ಇಲ್ಲ. ಸೂಜಿ ತಾನ ಒಳಗ ಹೋಗ್ತೈತಿ," ಎಂದಳು. ನಾನು ತುಂಡನ್ನು ಬೆಳಕಿಗೆ ಹಿಡಿದೆ. ಮಗ್ಗುಲ ಅಂಚಿನುದ್ದಕ್ಕೂ ಸಣ್ಣ ಸಣ್ಣ ತೂತುಗಳ ಸಾಲು. ಗಂಜಿ ಹಾಕಿ ಇಸ್ತ್ರಿ ಮಾಡಿದ್ದರೂ ತೂತು ಪೂರ್ತಿ ಮುಚ್ಚಿರಲಿಲ್ಲ. ಇನ್ನೊಂದು ತುಂಡು ನೋಡಿದೆ. ಅದರಲ್ಲೂ ಹಾಗೇ.

ಮಾತು ಗೋದಾಮಿನ ತುಂಬ ಹರಿಯಿತು. ಬಟ್ಟೆ ಹಳೆಯದು, ಸತ್ತ ಸಿಪಾಯಿಗಳ ಮೈಮೇಲಿನದು ಎಂದಳೊಬ್ಬಳು. ಹೊಸ ಬಟ್ಟೆ ಬಂದದ್ದನ್ನು ರಾಯರು ಮಾರಿಕೊಂಡು ನಮಗೆ ಹಳೆಯದು ಕೊಡುತ್ತಿದ್ದಾರೆ ಎಂದಳು ಇನ್ನೊಬ್ಬಳು. ಅದು ಎಲ್ಲರಿಗೂ ಸರಿಯೆನಿಸಿತು. ಆ ವರ್ಷ ಕಾಳಸಂತೆಯಲ್ಲಿ ಒಂದು ಗೇಣು ಬಟ್ಟೆಗೂ ಬೆಲೆಯಿತ್ತು. ಸೀರೆ ಹರಿದು ಹೊರಗೆ ಬರಲಾಗದೆ ಮನೆಯೊಳಗೇ ಉಳಿದ ಹೆಂಗಸರಿದ್ದರು.

ಸಂಶಯ ಹುಟ್ಟಿದ ಮೇಲೆ ಎಲ್ಲವೂ ಅದಕ್ಕೆ ಸಾಕ್ಷಿಯಾಗಿಯೇ ಕಂಡಿತು. ರಾಯರು ಚಕ್ಕಡಿಯವನ ಹತ್ತಿರ ದನಿ ತಗ್ಗಿಸಿ ಮಾತಾಡುವುದು, ಊಟದ ಡಬ್ಬಿ ತೆಗೆದುಕೊಂಡು ಒಬ್ಬರೇ ಹಿಂದಿನ ಬೇವಿನ ಮರದ ಕೆಳಗೆ ಹೋಗುವುದು, ನಮ್ಮ ಮುಖ ನೋಡದಿರುವುದು, ಎಲ್ಲ. ಒಂದು ಸಂಜೆ ನಾನು ಮನೆಗೆ ಹೊರಟಾಗ ಚೀಲ ಹೇರಿದ ಚಕ್ಕಡಿ ಮುಂದೆ ಹೋಗುತ್ತಿತ್ತು. ಸ್ಟೇಶನ್ನಿನ ಕಡೆ ತಿರುಗಬೇಕಾದದ್ದು ತಿರುಗಲಿಲ್ಲ. ಬೆಂಗೇರಿಯ ಹಾದಿ ಹಿಡಿಯಿತು. ಮುಂದಿನ ವಾರವೂ ಹಾಗೆಯೇ ಆಯಿತು.

ಮಾವನಿಗೆ ಹೇಳಿದೆ. ಅವರು ಅಡಿಕೆ ಕತ್ತರಿಸುತ್ತ, "ದೊಡ್ಡವರ ಕಾರಭಾರ ತಂಗಿ. ನಿನಗ ಪಗಾರ ಬರ್ತೈತಿಲ್ಲೋ? ಕಣ್ಣು ಕೆಳಗ ಮಾಡಿಕೊಂಡು ಇದ್ದಬಿಡು," ಎಂದರು. ಆದರೆ ಹೆಂಗಸರು ಅಷ್ಟರಲ್ಲಿ ನನ್ನನ್ನೂ ಆ ಕಾರಭಾರದಲ್ಲಿ ಸೇರಿಸಿಬಿಟ್ಟಿದ್ದರು. ನಾನು ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ನೀಲವ್ವ ಒಂದು ದಿನ ನೇರವಾಗಿಯೇ ಕೇಳಿದಳು:

"ನಿಮಗೆಷ್ಟು ಪಾಲ್ರಿ ಅಕ್ಕಾರ, ಇದರಾಗ?"

ನನಗೆ ಅಳು ಬಂತು. ಸಿಟ್ಟೂ ಬಂತು. "ನಾಳೆ ಐತವಾರ. ಚಕ್ಕಡಿ ಎಲ್ಲಿ ಹೋಗ್ತದೋ ಅಲ್ಲಿಗೆ ಹೋಗೂಣು ಬಾ. ನೀನೂ ಬಾ, ನಾನೂ ಬರ್ತೇನಿ. ಇಬ್ಬರೂ ಕಣ್ಣಿಲೆ ನೋಡೂಣು," ಎಂದೆ.

ಅವಳು ನನ್ನ ಬಾಯನ್ನೇ ನೋಡಿ, "ಹಾಂ, ಬರ್ತೇನಿ," ಎಂದಳು.

ಬೆಂಗೇರಿ ಆಗ ಹುಬ್ಬಳ್ಳಿಯ ಹೊರಗಿನ ಹಳ್ಳಿ. ಬಿಸಿಲು ಏರುವ ಮೊದಲೇ ಹೊರಟೆವು. ಎರಡೂ ಕಡೆ ಕರಿಮಣ್ಣಿನ ಹೊಲ ಬಿರುಕು ಬಿಟ್ಟು ಬಿದ್ದಿತ್ತು. ಊರ ಹತ್ತಿರ ಬಂದ ಮೇಲೆ ದನ ಮೇಯಿಸುತ್ತಿದ್ದವನನ್ನು ಕೇಳಿದೆವು. "ಚೀಲದ ಚಕ್ಕಡೀನೇನ್ರಿ? ಅಗಾ, ಆ ಹಳೇ ಕಣಜದ ಮನಿ. ಅಲ್ಲಿ ಐತವಾರನೂ ಕೆಲಸ ಇರ್ತೈತಿ," ಎಂದು ತೋರಿಸಿದ.

ಬಾಗಿಲು ತೆರೆದೇ ಇತ್ತು. ಕಳ್ಳತನ ನಡೆಯುವ ಜಾಗಕ್ಕೆ ಬಾಗಿಲು ಹಾಕಿರುತ್ತಾರೆ, ಕಾವಲಿರುತ್ತದೆ ಎಂದು ನಾನು ಅಂದುಕೊಂಡಿದ್ದೆ. ಒಳಗೆ ಹತ್ತು ಹನ್ನೆರಡು ಮಂದಿ ಮುದುಕರು, ಮುದುಕಿಯರು, ಒಬ್ಬಿಬ್ಬರು ಕೈಕಾಲು ಊನವಾದವರು ನೆಲದ ಮೇಲೆ ಕುಳಿತಿದ್ದರು. ಅವರ ನಡುವೆ ನಮ್ಮ ಚೀಲಗಳ ರಾಶಿ. ಒಬ್ಬೊಬ್ಬರ ಕೈಯಲ್ಲೂ ಒಂದು ಸಣ್ಣ ಚೂರಿ ಅಥವಾ ಮೊಳೆ. ಚೀಲ ತೆಗೆದುಕೊಂಡು ಹೊಲಿಗೆಯ ಕೆಳಗೆ ಚೂರಿ ತೂರಿಸಿ ದಾರ ಕೀಳುತ್ತಿದ್ದರು. ಬಿಚ್ಚಿದ ಬಟ್ಟೆ ಒಂದು ಕಡೆ, ಕಿತ್ತ ದಾರ ಇನ್ನೊಂದು ಕಡೆ. ಹಿತ್ತಿಲಲ್ಲಿ ಅಗಸನೊಬ್ಬ ಬಟ್ಟೆ ಗಂಜಿಗೆ ಅದ್ದಿ ಬಿಸಿಲಿಗೆ ಹಾಕುತ್ತಿದ್ದ.

ನಾನು ನಿಂತಲ್ಲೇ ನಿಂತೆ. ನೀಲವ್ವ ಒಳಗೆ ಹೋಗಿ ಒಬ್ಬ ಮುದುಕನ ಎದುರಿಗೆ ಕೂತಳು. ಆತನ ಹೆಸರು ಬಸಪ್ಪಜ್ಜ ಎಂದು ಆಮೇಲೆ ಗೊತ್ತಾಯಿತು. ಗಿರಣಿಯಲ್ಲಿ ದುಡಿದು ದಮ್ಮು ಹತ್ತಿಸಿಕೊಂಡು ಮನೆ ಸೇರಿದ್ದವನು.

"ಏನ್ ಮಾಡಾಕತ್ತೀರಿ ಯಪ್ಪಾ?" ಎಂದಳು ನೀಲವ್ವ.

"ಕಾಣವಲ್ದೇನವಾ? ಬಿಚ್ಚಾಕತ್ತೀವಿ," ಎಂದ ಮುದುಕ, ಕೆಮ್ಮುತ್ತ. "ಹುಬ್ಬಳ್ಳ್ಯಾಗ ಯಾರೋ ಹೆಣಮಕ್ಕಳು ಹೊಲೀತಾರಂತ. ಎಲ್ಲಾ ತಪ್ಪ ಹೊಲೀತಾರಂತ. ಒಂದೂ ಪಾಸ ಆಗೂದಿಲ್ಲ. ಅದಕ್ಕ ನಾವು ಬಿಚ್ಚಿ ಅರಿವಿ ಉಳಿಸಿ ಕೊಡ್ತೀವಿ. ಲಡಾಯಿ ಕಾಲದಾಗ ಅರಿವಿ ಹಾಳಾಗಬಾರದಲ್ಲ? ನಾವು ಮುದುಕರು, ಮತ್ತೇನ ಮಾಡಾಕ ಬರ್ತೈತಿ ನಮಗ? ಇಷ್ಟರ ಮಾಡತೀವಿ." ಆ ಮಾತು ಹೇಳುವಾಗ ಅವನ ಮುಖದಲ್ಲಿ ಹೆಮ್ಮೆಯಿತ್ತು. "ಆದ್ರ ಎಂಥಾ ಹೆಣಮಕ್ಕಳಿರಬೇಕು ಅವರು! ತಿಂಗಳಾನುಗಟ್ಟಲೆ ಹೊಲದ್ರೂ ಕೈ ತಿದ್ದವಲ್ದು. ಹೊಲಿಗಿ ಮಾತ್ರ ಗಟ್ಟಿ ಹಾಕತಾರ ನೋಡು, ಕೀಳೂದರಾಗ ಉಗುರು ಕಿತ್ತು ಬರ್ತಾವ."

ನೀಲವ್ವ ಅವನ ಕೈಯಿಂದ ಚೀಲ ತೆಗೆದುಕೊಂಡಳು. "ಏನ್ ತಪ್ಪ ಐತಿ ಯಪ್ಪಾ ಇದರಾಗ? ತೋರಸ್ರಿ."

ಮುದುಕ ಚೀಲವನ್ನು ಮರಳಿ ತೆಗೆದುಕೊಂಡು ಕಣ್ಣ ಹತ್ತಿರ ತಂದು ಅತ್ತಿತ್ತ ತಿರುಗಿಸಿದ. ಎಳೆದು ನೋಡಿದ. "ನನಗೇನ ತಿಳೀತೈತಿ? ತಪ್ಪ ಐತಿ ಅಂತ ಅವರು ಅಂದ್ರು," ಎಂದವನು, ಒಳಗಿನ ಮೂಲೆ ಹೊರಳಿಸಿ, "ಇದಾ ನೋಡು. ಹಳದಿ ಕಲೆ. ಭಾಳ ಚೀಲದಾಗ ಹಿಂಗ ಕಲೆ ಇರ್ತಾವ. ಇದ ತಪ್ಪ ಇರಬೇಕು," ಎಂದ.

ಅದು ಅವಳ ಭಂಡಾರ.

ನೀಲವ್ವ ಆ ಮೂಲೆಯನ್ನು ಹೆಬ್ಬೆರಳಿನಿಂದ ತಡವಿದಳು. ಬಯ್ಯುತ್ತಾಳೆ, ಕೂಗುತ್ತಾಳೆ ಎಂದು ನಾನು ಹೆದರಿದ್ದೆ. ಕೊನೆಗೆ, "ಆ ಹೊಲಿಗಿ ಹಾಕಿದಾಕಿ ನಾನ ಯಪ್ಪಾ. ತಪ್ಪ ಹೊಲದಿಲ್ಲ ನಾ," ಎಂದಳು. ಮುದುಕ ಚೂರಿ ಕೆಳಗಿಟ್ಟ. ಸುತ್ತಲಿನವರೂ ಕೈ ನಿಲ್ಲಿಸಿದರು. ನಾನು ತಿಳಿದಷ್ಟು ಹೇಳಿದೆ: ಯಾರೂ ನಮಗೆ ತಪ್ಪಾಗಿದೆ ಎಂದಿಲ್ಲ, ಇದೇ ಬಟ್ಟೆ ಗಂಜಿ ಹಾಕಿಸಿಕೊಂಡು ಹೊಸದೆಂದು ನಮ್ಮ ಹತ್ತಿರ ಬರುತ್ತದೆ, ನಾವು ಮತ್ತೆ ಹೊಲಿಯುತ್ತೇವೆ.

"ಮತ್ತ ನಾವು ಮತ್ತ ಬಿಚ್ಚತೀವಿ," ಎಂದ ಬಸಪ್ಪಜ್ಜ, ನಿಧಾನವಾಗಿ. "ಮತ್ತ ನೀವು ಹೊಲೀತೀರಿ." ಅವನು ತನ್ನ ಬೆರಳುಗಳನ್ನು ನೋಡಿಕೊಂಡ. ಉಗುರುಗಳ ಸಂದಿಯಲ್ಲಿ ರಕ್ತ ಹೆಪ್ಪುಗಟ್ಟಿತ್ತು.

ಮರುದಿನ ಮುಂಜಾನೆ ಹಣಮಂತರಾಯರೇ ನನ್ನನ್ನು ಕರೆದರು. ಸುದ್ದಿ ಅವರಿಗೆ ಮುಟ್ಟಿತ್ತು. ನೀಲವ್ವ ಕರೆಯದೆಯೇ ನನ್ನ ಹಿಂದೆ ಬಂದಳು. ರಾಯರು ಮೊದಲ ಸಲ ನಮ್ಮ ಮುಖ ನೋಡಿ ಮಾತಾಡಿದರು.

"ನಾ ಒಂದು ಅಂಗುಲ ಅರಿವೀನೂ ಕದ್ದಿಲ್ಲರೀ. ಬೇಕಾದ್ರ ನನ್ನ ಮನಿಗೆ ಬಂದು ನೋಡ್ರಿ. ನನ್ನ ಹೆಂಡತಿ ಉಡೋ ಸೀರಿ ನೋಡ್ರಿ."

"ಕದ್ದಿದ್ರ ಛಲೋ ಇತ್ತಲ್ರಿ," ಎಂದಳು ನೀಲವ್ವ. "ಯಾರಾರ ಉಡತಿದ್ರು."

ರಾಯರು ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಎಲ್ಲ ಹೇಳಿದರು. ಹೋಳಿಯ ಹೊತ್ತಿಗೇ ಪಲ್ಟನ್ನಿನವರು ಚೀಲ ಸಾಕೆಂದು ಹೇಳಿದ್ದರು. ಬೇರೆ ಕಡೆ ಯಂತ್ರದಲ್ಲಿ ಹೊಲಿದ ಚೀಲ ಅವರಿಗೆ ಸಿಗುತ್ತಿತ್ತು. ಕಡೆಯ ಕಂತಿನ ಚೀಲಗಳು, ಉಳಿದ ಬಟ್ಟೆ ಇಲ್ಲಿಯೇ ಬಿದ್ದಿದ್ದವು. ಕೂಲಿಗೆಂದು ಕೊಟ್ಟ ಹಣ ಇತ್ತು, ಆದರೆ ಕೆಲಸ ಮಾಡಿಸದೆ ಕೂಲಿ ಕೊಡಕೂಡದೆಂದು ಕರಾರು. ಬಟ್ಟೆ ಸರಕಾರದ್ದು; ಅದರಿಂದ ಊರ ಮಂದಿಗೆ ಅಂಗಿ ಕುಪ್ಪಸ ಹೊಲಿದು ಕೊಡುವಂತಿಲ್ಲ. ಬೇರೆ ಏನಾದರೂ ಹೊಲಿಯಲು ಅಪ್ಪಣೆ ಕೇಳಿದ್ದರು, ಉತ್ತರವೇ ಇಲ್ಲ.

"ಕೇಂದ್ರ ಮುಚ್ಚಬೇಕಾಗಿತ್ತು. ಮೂವತ್ತು ಮನಿ ಒಲಿ ಆರತಿದ್ವು. ಬಿಚ್ಚಿಸಿದ್ರ ಇನ್ನಷ್ಟು ಮಂದಿಗೆ ಕೂಲಿ ಆಗ್ತದ ಅಂತ ಅನಿಸ್ತು. ಇದರಾಗ ನಾ ಏನ್ ತಪ್ಪು ಮಾಡೇನಿ ಹೇಳ್ರಿ."

ಕಳ್ಳನನ್ನು ಹಿಡಿಯಲು ಹೋದವಳಿಗೆ ಕಳ್ಳನೇ ಸಿಗದಿದ್ದರೆ ಆಗುವ ಗೊಂದಲ ನನ್ನದು. ಇವರ ಮೇಲೆ ಸಿಟ್ಟು ಮಾಡುವುದೋ, ಕೈ ಮುಗಿಯುವುದೋ ತಿಳಿಯಲಿಲ್ಲ. ನೀಲವ್ವ ಮಾತ್ರ, "ನಮಗ ಹೇಳಬೇಕಾಗಿತ್ತ್ರಿ," ಎಂದಳು.

"ಹೇಳಿದ್ರ ನೀವು ಹೊಲೀತಿದ್ರೇನು?"

"ಅದನ್ನ ನಾವು ಹೇಳತಿದ್ವಿ."

ಆ ದಿನ ಗೋದಾಮಿನಲ್ಲಿ ದೊಡ್ಡ ಗದ್ದಲವಾಯಿತು. ಮಗ ಸಿಪಾಯಿಯಾದವರು ಅತ್ತರು. ಕೆಲವರು ನಕ್ಕರು, ಹುಚ್ಚರ ಸಂತೆ ಎಂದರು. ಇನ್ನು ಸೂಜಿ ಮುಟ್ಟುವುದಿಲ್ಲ ಎಂದು ನೀಲವ್ವ ಕೈ ಕಟ್ಟಿ ಕೂತಳು. ಬಹಳ ಮಂದಿ ಅವಳೊಡನೆ ಕೂತರು. ಫಾತಿಮಾಬಿ ಮಾತ್ರ ದಾರ ಪೋಣಿಸಿ ಹೊಲಿಯತೊಡಗಿದಳು.

"ನಿನಗ ನಾಚಿಕಿ ಇಲ್ಲೇನು?" ಎಂದಳು ಯಾರೋ.

ಫಾತಿಮಾಬಿ ತಲೆಯೆತ್ತಲಿಲ್ಲ. "ಬಿಚ್ಚಲಿ ಬಿಡ್ರಿ. ನೂರು ಸಲ ಬಿಚ್ಚಲಿ. ನನ್ನ ಮಕ್ಕಳು ತಿಂದ ರೊಟ್ಟಿ ಬಿಚ್ಚಾಕ ಬರ್ತೈತೇನು ಅವರಿಗೆ?"

ಆ ಸಂಜೆಯಿಂದ, ಬೆಂಗೇರಿಗೆ ಹೋದ ಸುದ್ದಿ ರಾಯರಿಗೆ ಮುಟ್ಟಿಸಿದವಳು ಫಾತಿಮಾಬಿಯೇ ಎಂದು ಹೆಂಗಸರು ಆಡಿಕೊಳ್ಳತೊಡಗಿದರು. ಅದಕ್ಕೆ ಯಾವ ಆಧಾರವೂ ಇರಲಿಲ್ಲ. ಅವಳ ಮಗ್ಗುಲಿನ ಚಾಪೆಗಳು ಒಂದೊಂದಾಗಿ ದೂರ ಸರಿದವು. ನಾಲ್ಕಾರು ದಿನ ನೋಡಿ ಅವಳು ಬರುವುದನ್ನೇ ಬಿಟ್ಟಳು. ಪೇಟೆಯ ದರ್ಜಿಯೊಬ್ಬನ ಅಂಗಡಿಗೆ ಗುಂಡಿ ಹಚ್ಚುವ ಕೆಲಸ ಹಿಡಿದಳೆಂದು ಕೇಳಿದೆ. ನಾನು ಹೋಗಿ ಕರೆದೆ. "ಕೂಲಿ ಇಲ್ಲದ ಕಡೆ ಇರಬಹುದು ಅಕ್ಕಾರ, ಮಾತು ಇಲ್ಲದ ಕಡೆ ಹೆಂಗ ಇರೂದು?" ಎಂದು ಬಾಗಿಲಲ್ಲೇ ಕಳಿಸಿದಳು.

ಕೆಲಸ ನಿಂತ ಸುದ್ದಿ ಕೇಳಿ ಸಮಿತಿಯ ಅಧ್ಯಕ್ಷರು ಬಂದರು. ಅರಳೆಯ ದೊಡ್ಡ ಸಾವಕಾರರು. ಕೈಯಲ್ಲಿ ಬೆಳ್ಳಿ ಹಿಡಿಕೆಯ ಕೋಲು. ಅವರು ಕೂಗಾಡಲಿಲ್ಲ, ಮೆಲ್ಲಗೆ ಮಾತಾಡಿದರು.

"ಕೂಲಿ ಸರಿಯಾಗಿ ಮುಟ್ಟೈತಿಲ್ಲೋ ನಿಮಗ?"

"ಮುಟ್ಟೈತ್ರಿ," ಎಂದರು ಹೆಂಗಸರು.

"ಮತ್ತೇನು? ಹೊಲಿಯೂದು ನಿಮ್ಮ ಕೆಲಸ. ಹೊಲಿದ ಮ್ಯಾಲ ಅದು ಎಲ್ಲಿ ಹೋತು, ಏನಾತು, ಅದನ್ನ ಕೇಳೂದು ನಿಮ್ಮ ಕೆಲಸ ಅಲ್ಲ."

ನೀಲವ್ವ ಎದ್ದು ನಿಂತಳು. ಸೆರಗು ತಲೆಯ ಮೇಲಿತ್ತು. "ಸಾವಕಾರ್ರ, ಬರೇ ಕುಂಡ್ರಿಸಿ ಕೊಟ್ಟಿದ್ರ ನಾವು ದಾನ ಅಂತ ತಗೋತಿದ್ವಿ. ದಾನ ತಗೊಂಡೇನಿ ನಾ, ನಾಚಿಕಿ ಏನಿಲ್ಲ. ಕೆಲಸ ಅಂದ್ರಿ. ಕೆಲಸ ಅಂತ ನಾ ನನ್ನ ಮಗನ್ನ ನೆನೆಸಿಕೊಂಡು ಹೊಲದೆ. ಆ ಮುದಕಪ್ಪ ಉಗುರು ಹರಕೊಂಡು ಬಿಚ್ಚಿದ. ಅಂವ ನನ್ನ ಬೈಕೋತ ಬಿಚ್ಚಿದ. ಇದು ಕೆಲಸ ಏನ್ರಿ?"

ಸಾವಕಾರರು ರಾಯರ ಕಡೆ ತಿರುಗಿ, "ನಾಳಿಂದ ಬೀಗ ಹಾಕ್ರಿ," ಎಂದು ಕೋಲು ಊರಿ ಹೊರಟರು.

ಬಾಗಿಲ ಹತ್ತಿರ ಹೋದವರನ್ನು ಹಣಮಂತರಾಯರು ತಡೆದರು. ಅವರಿಗೆ ಅಷ್ಟು ಧೈರ್ಯ ಎಲ್ಲಿಂದ ಬಂತೋ. "ಸಾವಕಾರ್ರೇ, ಆ ಅರಿವಿ ಬಿಚ್ಚಿ ಬಿಚ್ಚಿ ಹಣ್ಣಾಗ್ಯದರೀ. ಅಗಸ ಎತ್ತಿ ಒಗದ್ರ ಹರೀತದ. ಇನ್ನ ಪಲ್ಟನ್ನಿಗೂ ಬ್ಯಾಡ, ಯಾರಿಗೂ ಬ್ಯಾಡ. ಚಿಂದಿ ಅಂತ ಬರದು ಹಾಕಲಿಕ್ಕೆ ನನಗ ಅಧಿಕಾರ ಅದ. ಚಿಂದಿಗೆ ಯಾರ ಅಪ್ಪಣಿನೂ ಬೇಕಾಗಿಲ್ಲ."

"ಚಿಂದಿ ತಗೊಂಡು ಏನ್ ಮಾಡಾವ್ರು?"

"ಕೌದಿ," ಎಂದಳು ನೀಲವ್ವ. ಉಳಿದವರು ತಿರುಗಿ ನೋಡಿದರು. "ಚಿಂದಿ ಕೊಡ್ರಿ, ಕೌದಿ ಹೊಲೀತೀವಿ. ಮಳಿಗಾಲ ಬಂತು. ಊರಿನ ದವಾಖಾನ್ಯಾಗ ಬಡವರು ಬರೇ ನೆಲಾ ಕಚ್ಚಿ ಮಲಗತಾರ. ಹರಕ ಅರಿವಿ ಕೂಡಿಸಿ ಕೌದಿ ಹಾಕೂದು ನಮಗ ಯಾರೂ ಕಲಿಸಬೇಕಾಗಿಲ್ಲ."

ಸಾವಕಾರರು ಕೋಲಿನ ಬೆಳ್ಳಿ ಹಿಡಿಕೆಯನ್ನು ಅಂಗೈಯಲ್ಲಿ ತಿರುವಿದರು. ದವಾಖಾನೆಗೆ ಸಮಿತಿಯ ಹೆಸರಿನಲ್ಲಿ ಕೌದಿ ಹೋದರೆ ಊರಲ್ಲಿ ಏನು ಮಾತಾಗುತ್ತದೆ ಎಂಬುದು ಅವರ ತಲೆಯಲ್ಲಿ ಓಡುತ್ತಿತ್ತೇನೋ. "ಹಂಗಾದ್ರ ಮಾಡ್ರಿ," ಎಂದು ಹೋದರು. ಅವರ ಮನಸ್ಸಿನಲ್ಲಿ ಏನಿತ್ತೋ, ಆ ಮಾತು ನಮಗೆ ಸಾಕಾಯಿತು.

ಬೆಂಗೇರಿಯ ಮುದುಕರನ್ನು ಚಕ್ಕಡಿಯಲ್ಲಿ ಕರೆಸಿದೆವು. ಇನ್ನು ಬಿಚ್ಚುವ ಕೆಲಸವಿಲ್ಲ. ಅವರ ಕೂಲಿಯೂ ಹೋಗಬಾರದಲ್ಲ. ಅವರು ಚಿಂದಿ ಅಳತೆಗೆ ಕತ್ತರಿಸಿಟ್ಟರು, ಕಿತ್ತ ದಾರಗಳನ್ನು ಗಂಟು ಹಾಕಿ ಉಂಡೆ ಸುತ್ತಿದರು. ಹೆಂಗಸರು ಮನೆಯಿಂದ ಹಳೆ ಸೀರೆಯ ತುಂಡು ತಂದು ಅಂಚಿಗೆ ಬಣ್ಣ ಕಟ್ಟಿದರು. ಬಸಪ್ಪಜ್ಜ ನೀಲವ್ವನ ಎದುರಿಗೇ ಕೂಡುತ್ತಿದ್ದ. ಮೊದಲು ಇಬ್ಬರಿಗೂ ಮುಜುಗರ. ಆಮೇಲೆ ಅವನು, "ಇದನ್ನರ ಸ್ವಲ್ಪ ಸಡ್ಲ ಹೊಲಿಯವಾ, ಯಾರಿಗೆ ಗೊತ್ತು, ನಾಳಿ ಮತ್ತ ನನಗ ಬಿಚ್ಚು ಅಂದಾರು," ಎಂದು ಚೇಷ್ಟೆ ಮಾಡುವಷ್ಟು ಸಲಿಗೆ ಬೆಳೆಯಿತು.

ಮೊದಲ ಕಂತಿನ ಕೌದಿ ಹೇರುವ ದಿನ ನೀಲವ್ವ ಮತ್ತೊಂದು ತಕರಾರು ತೆಗೆದಳು. ಚಕ್ಕಡಿಯ ಸಂಗಡ ನಮ್ಮಲ್ಲಿ ಇಬ್ಬರು ಹೋಗಬೇಕು. ದವಾಖಾನೆಯ ಒಳಗೆ ಇಳಿಸುವುದನ್ನು ಕಣ್ಣಾರೆ ಕಂಡು ಬರಬೇಕು.

ಹಣಮಂತರಾಯರ ಮುಖ ಬಾಡಿತು. "ಇನ್ನೂ ನನ್ನ ಮ್ಯಾಲ ಭರವಸೆ ಇಲ್ಲೇನ್ರೀ?"

"ಇಲ್ರಿ," ಎಂದಳು ನೀಲವ್ವ. ಆ ಮಾತಿನಲ್ಲಿ ವೈರವೇನೂ ಇರಲಿಲ್ಲ.

ರಾಯರು ತಾವೇ ಕೈ ಕೊಟ್ಟು ನೀಲವ್ವನನ್ನೂ ಇನ್ನೊಬ್ಬಾಕೆಯನ್ನೂ ಚಕ್ಕಡಿ ಹತ್ತಿಸಿದರು. ಅವರ ಬಗ್ಗೆ ನನ್ನ ಮನಸ್ಸು ಇವತ್ತಿಗೂ ಒಂದು ತೀರ್ಮಾನಕ್ಕೆ ಬಂದಿಲ್ಲ. ಮೂವತ್ತು ಮನೆಗಳು ಆ ಬೇಸಿಗೆ ಉಂಡದ್ದು ಅವರ ಸುಳ್ಳಿನಿಂದ. ಆ ಸುಳ್ಳನ್ನು ಅವರು ಮುದುಕರ ಕಡೆಯೂ, ನಮ್ಮ ಕಡೆಯೂ ಬೇರೆ ಬೇರೆಯಾಗಿ ಹೇಳಿದ್ದರು. ಒಳ್ಳೆಯ ಮನಸ್ಸಿನಿಂದ ಮೋಸ ಮಾಡಿದವರನ್ನು ಏನೆನ್ನಬೇಕೆಂದು ನನಗೆ ಯಾವ ಪುಸ್ತಕವೂ ಕಲಿಸಲಿಲ್ಲ. ಮುಂದೆ ನಾನು ಮಾಸ್ತರಿಣಿಯಾದೆ. ಹುಡುಗಿಯರಿಗೆ ನಕಲು ಬರೆಯಲು ಹೇಳಿ ಆಮೇಲೆ ಅದನ್ನು ನೋಡದೆ ಇಡುವುದು ನನ್ನಿಂದ ಎಂದೂ ಆಗಲಿಲ್ಲ. ರಾತ್ರಿ ಕೂತಾದರೂ ನೋಡುತ್ತಿದ್ದೆ.

ಮಳೆ ಹಿಡಿಯುವ ಹೊತ್ತಿಗೆ ಚಿಂದಿ ತೀರಿತು. ಕೂಲಿಯ ಹಣವೂ ತೀರಿತು. ಕೇಂದ್ರಕ್ಕೆ ಬೀಗ ಬಿತ್ತು. ಹೆಂಗಸರು ಒಬ್ಬೊಬ್ಬರು ಒಂದೊಂದು ಕಡೆ ಕೆಲಸ ಹುಡುಕಿಕೊಂಡು ಹೋದರು; ಕೆಲವರಿಗೆ ಸಿಗಲೇ ಇಲ್ಲ. ಯುದ್ಧ ಮುಗಿದ ಮೇಲೆ ಮಲ್ಲೇಶಿ ಒಂದು ಕಿವಿ ಕೇಳಿಸದೆ ಬಂದ. ದವಾಖಾನೆಯಲ್ಲಿ ತಿಂಗಳುಗಟ್ಟಲೆ ಮಲಗಿದ್ದನಂತೆ, ಅಂಥ ಚೀಲವನ್ನು ಯಾರೂ ಅವನಿಗೆ ಕೊಟ್ಟಿರಲಿಲ್ಲವಂತೆ. ಅದನ್ನು ಕೇಳಿ ನೀಲವ್ವ, "ನನಗ ಗೊತ್ತಿತ್ತು," ಎಂದಳಂತೆ.

ಆದರೆ ನನ್ನ ನೆನಪಿನಲ್ಲಿ ಆ ವರ್ಷ ಮುಗಿಯುವುದು ಬೇರೆ ದಿನ. ಕೇಂದ್ರ ಮುಚ್ಚಿ ಸ್ವಲ್ಪ ದಿನವಾಗಿತ್ತು. ಜಿಟಿ ಜಿಟಿ ಮಳೆ, ತಣ್ಣನೆಯ ಗಾಳಿ. ನೀಲವ್ವ ಮನೆಗೆ ಬಂದು, "ಅಕ್ಕಾರ, ದವಾಖಾನಿಗೆ ಹೋಗಿಬರೂಣ ಬರ್ರಿ," ಎಂದಳು.

"ಯಾಕ, ಆರಾಮ ಇಲ್ಲೇನು?"

"ಆರಾಮ ಅದೇನಿ. ಅಲ್ಲಿ ಇಳಿಸಿದ್ದು ನೋಡೇನಿ. ಹೊಚ್ಚಿದ್ದು ನೋಡಿಲ್ಲಲ್ಲ."

ಹೆಂಗಸರ ವಾರ್ಡಿನ ಬಾಗಿಲಲ್ಲಿ ಜವಾನ ತಡೆದ. "ಯಾರನ್ನ ನೋಡಾಕ ಬಂದೀರಿ?"

"ಕೌದಿ ನೋಡಾಕ," ಎಂದಳು ನೀಲವ್ವ.

ಜವಾನ ನಮ್ಮನ್ನು ಮೇಲಿಂದ ಕೆಳಗೆ ನೋಡಿದ. ಕೌದಿ ಕದಿಯಲು ಬಂದವರೆಂದು ಅವನು ತಿಳಿದದ್ದು ಅವನ ಕಣ್ಣಲ್ಲೇ ಕಂಡಿತು. ನಾನು ಕೇಂದ್ರದ ಹೆಸರು ಹೇಳಿ ಬೇಡಿಕೊಂಡ ಮೇಲೆ ಒಳಗೆ ಬಿಟ್ಟ, ಆದರೆ ನಮ್ಮ ಹಿಂದೆಯೇ ಬಂದ.

ಸಾಲಾಗಿ ಮಲಗಿದ್ದವರಲ್ಲಿ ಕಿಟಕಿಯ ಹತ್ತಿರ ಒಬ್ಬ ಹುಡುಗಿ, ಇಪ್ಪತ್ತು ತುಂಬಿರಲಿಕ್ಕಿಲ್ಲ, ಚಳಿಜ್ವರದಲ್ಲಿ ಮುದುರಿ ಮಲಗಿದ್ದಳು. ಕತ್ತಿನವರೆಗೆ ನಮ್ಮ ಕೌದಿ. ಬಿಳಿಯ ನಡುವೆ ಯಾರದೋ ಸೀರೆಯ ಕೆಂಪು ಅಂಚು. ನೀಲವ್ವ ಹತ್ತಿರ ಹೋಗಿ ಬಗ್ಗಿ, ಕೌದಿಯ ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದು ಹೊಲಿಗೆ ತಡವಿದಳು.

ಹುಡುಗಿ ಗಕ್ಕನೆ ಕಣ್ಣು ತೆರೆದಳು. ಕೌದಿಯನ್ನು ಎರಡೂ ಕೈಯಿಂದ ಎಳೆದು ಎದೆಗೆ ಒತ್ತಿಕೊಂಡಳು. "ಇದು ನಂದು. ನಾ ಕೊಡಂಗಿಲ್ಲ," ಎಂದಳು.

ನೀಲವ್ವ ಬಾಯಿ ತುಂಬ ನಕ್ಕದ್ದನ್ನು ಅಂದೇ ಮೊದಲು ನೋಡಿದೆ. ಹುಡುಗಿಯ ಭುಜದ ಕೆಳಗೆ ಕೌದಿ ಸಿಕ್ಕಿಸುತ್ತ, "ಕೊಡಬ್ಯಾಡ ತಂಗಿ," ಎಂದಳು. "ಯಾರು ಕೇಳಿದ್ರೂ ಕೊಡಬ್ಯಾಡ."